ಜಲತರಂಗದ ನಾಲ್ಕು ನಿಮಿಷ

ಪಿಂಗಾಣಿ ಬಟ್ಟಲಿಗೆ ನೀರು ಬಿದ್ದೊಡನೆ ಏಳುತ್ತಿದ್ದ ಉಪ್ಪಿನಕಾಯಿಯ ವಾಸನೆಯನ್ನು ಇಂದೂ ಎಂಬಾಕೆ ತನ್ನ ಅರವತ್ನಾಲ್ಕನೆಯ ವಯಸ್ಸಿನಲ್ಲೂ ಮರೆತಿರಲಿಲ್ಲ. ಧಾರವಾಡದ ಮನೆಯಲ್ಲಿ ಅವಳ ಜಲತರಂಗಕ್ಕೆಂದು ಅಪ್ಪ ಹೊಸ ಬಟ್ಟಲು ತಂದಿರಲಿಲ್ಲ. ಅಡುಗೆಮನೆಯಿಂದ ಒಂದೊಂದೇ ಬಟ್ಟಲು ಎತ್ತಿಕೊಂಡು ಬಂದು, ಒಳಗಿದ್ದ ಉಪ್ಪಿನಕಾಯಿಯನ್ನು ಭರಣಿಗೆ ಸುರಿದು, ಬಿದಿರು ಕಡ್ಡಿಯಿಂದ ಅಂಚು ತಟ್ಟಿ ನೋಡುತ್ತಿದ್ದರು. ನಾದ ಒಪ್ಪಿಗೆಯಾದರೆ ಆ ಬಟ್ಟಲು ಮತ್ತೆ ಅಡುಗೆಮನೆ ಕಾಣುತ್ತಿರಲಿಲ್ಲ. ಅವ್ವ ಗೊಣಗುತ್ತ ಗೊಣಗುತ್ತಲೇ ಹದಿನಾರು ಬಟ್ಟಲಾದವು. ಸೀಗೆಕಾಯಿ ಹಾಕಿ ಎಷ್ಟು ತಿಕ್ಕಿದರೂ ನೀರು ಹೊಯ್ದಾಗ ಒಂದು ಕ್ಷಣ ನಿಂಬೆ, ಸಾಸಿವೆ, ಇಂಗು ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತಿದ್ದವು. ಬಾಯಲ್ಲಿ ನೀರೂರಿದರೂ ನುಂಗಿಕೊಂಡು ಬಾರಿಸಬೇಕಿತ್ತು. ಅಪ್ಪನ ಮನೆಯ ಕಟ್ಟಳೆ ಅದು. ಸಂಗೀತ ನಡೆದಾಗ ಮಾತಿಲ್ಲ, ಎಲೆಯಡಿಕೆಯಿಲ್ಲ, ಯಾರ ಬಾಯಲ್ಲೂ ತುತ್ತಿರುವಂತಿಲ್ಲ. ಬಂದವರಿಗೆ ಚಹಾ ಕೂಡ ಬಾರಿಸಿ ಮುಗಿದ ಮೇಲೆಯೇ.

ಆ ಕಟ್ಟಳೆಯಲ್ಲಿ ಬೆಳೆದವಳಾದ್ದರಿಂದಲೇ ೨೦೦೫ರ ಶ್ರಾವಣದಲ್ಲಿ ಅವಳಿಂದ ಒಂದು ತಪ್ಪು ಆಯಿತು.

ಅವಳ ತಂಗಿಯ ಮಗಳು ಶರ್ವರಿ ಹಲ್ಲಿನ ಡಾಕ್ಟರು. ಪುಣೆಯ ಹಡಪಸರದಲ್ಲಿ, ಮಗರಪಟ್ಟಾದ ಗೇಟಿನಿಂದ ಸ್ವಲ್ಪ ಮುಂದೆ, ಆ ವರ್ಷವೇ ಸ್ವಂತ ಕ್ಲಿನಿಕ್ಕು ತೆಗೆದಿದ್ದಳು. ಒಂದು ರವಿವಾರ ಇಂದೂಳ ಕರ್ವೆನಗರದ ಮನೆಗೆ ಬಂದು ಒಂದು ಸಿಡಿಯನ್ನೂ ಅಂಗೈಯಗಲದ ಪ್ಲೇಯರನ್ನೂ ಟೇಬಲ್ಲಿನ ಮೇಲಿಟ್ಟಳು.

"ಮೌಶಿ, ಇದನ್ನ ಹಚ್ಚಿ ಕೇಳ್ರಿ. ಚೀನಾ, ಜಪಾನ ಕಡೀ ವಾದ್ಯ. ಪೇಶಂಟ್ ಮಂದಿ ಮನಸು ಶಾಂತ ಇರ್ಲಿ ಅಂತ ಕ್ಲಿನಿಕ್ಕಿನ್ಯಾಗ ಹಚ್ಚತೀನಿ."

"ಶಾಂತ ಇರ್ತಾರೇನು?"

"ಎಲ್ಲಿ? ಇದರಾಗೊಂದು ಬಿದಿರಿನ ಕೊಳಲದ. ಅದು ಮ್ಯಾಲೆ ಹೋತಂದ್ರ ಥೇಟ್ ನನ್ನ ಡ್ರಿಲ್ಲಿನ ದನಿ. ಒಳಗ ಯಾರದೋ ಹಲ್ಲು ಕೊರೀಲಿಕ್ಕತ್ತಾರ ಅಂತ ಹೊರಗ ಕೂತವರು ಗದ್ದ ಹಿಡ್ಕೋತಾರ. ನಿನ್ನೆ ಇಬ್ಬರು ಹೋಗೇಬಿಟ್ರು."

ಕಿವಿ ಮಂದವಾಗಿದ್ದ ಇಂದೂಳ ಗಂಡ ಮಧುಕರರಾಯರು ಪೇಪರಿನಿಂದ ತಲೆಯೆತ್ತಿದರು. "ಹೋಗಿಬಿಟ್ರ? ಹಲ್ಲಿನ ಡಾಕ್ಟರ ಕಡೆನೂ ಹೋಗಿಬಿಡ್ತಾರೇನು?"

"ಮನೀಗೆ ಹೋದ್ರು, ಕಾಕಾ. ಜೀವ ಅದ." ಗಂಡನ ಮಾತಿಗೆ ನಗುತ್ತಿದ್ದ ಇಂದೂಳತ್ತ ಶರ್ವರಿ ತಿರುಗಿದಳು. "ಮೌಶಿ, ನೀವು ಜಲತರಂಗದ ಮ್ಯಾಲೆ ಇಂಥಾದ್ದ ಒಂದು ತಾಸು ಬಾರಿಸಿಕೊಡ್ರಿ. ಸಣ್ಣಾಕಿದ್ದಾಗ ನನಗ ಟೈಫಾಯ್ಡ್ ಬಂದು ಇಲ್ಲೇ ಮಲಗಿದ್ನೆಲ್ಲ, ಮಧ್ಯಾಹ್ನ ನೀವು ಬಾರಸ್ತಿದ್ರಿ, ನನಗ ಗಡದ್ದ ನಿದ್ದಿ ಹತ್ತತಿತ್ತು. ನನ್ನ ಗೆಳ್ಯಾ ಪ್ರಣವ ರೆಕಾರ್ಡ್ ಮಾಡತಾನ."

ರೆಕಾರ್ಡ್ ಎಂಬ ಮಾತು ಇಂದೂಳ ಎದೆಯಲ್ಲಿ ಸಣ್ಣಗೆ ತಟ್ಟಿತು. ನಿದ್ದೆಯ ಮಾತು ಆಗ ಅವಳ ಲಕ್ಷ್ಯಕ್ಕೆ ಬರಲಿಲ್ಲ.

ಮರುದಿನ ಅವಳು ಸ್ನಾನ ಮಾಡಿ, ಫೋನಿನ ರಿಸೀವರು ಎತ್ತಿ ಬದಿಗಿಟ್ಟು, ಶರ್ವರಿಯ ಸಿಡಿ ಹಚ್ಚಿ, ಚಾಪೆಯ ಮೇಲೆ ನೆಟ್ಟಗೆ ಕೂತಳು. ಮಧುಕರರಾಯರು ಅದನ್ನು ನೋಡಿ ಎದ್ದು ಹೋಗಿ ಫ್ಯಾನು ಆರಿಸಿದರು. ಫ್ಯಾನಿನ ಗಾಳಿಗೆ ಬಟ್ಟಲ ನೀರು ನಡುಗಿ ನಾದ ಕೆಡುತ್ತದೆ ಎಂದು ಮದುವೆಯಾದ ಹೊಸದರಲ್ಲಿ ಅವಳು ಒಂದೇ ಸಲ ಹೇಳಿದ್ದಳು. ಇವತ್ತು ಎದುರಿಗೆ ಬಟ್ಟಲಿರಲಿಲ್ಲ, ನೀರಿರಲಿಲ್ಲ. ಯಂತ್ರಗಳ ನಡುವೆ ಮೂವತ್ತು ವರ್ಷ ದುಡಿದ ಅವರ ಕಿವಿಗೆ ಈಗ ಜಲತರಂಗ ಕೇಳಿಸುತ್ತಲೂ ಇರಲಿಲ್ಲ. ಆದರೂ ಅವಳು ಹಾಗೆ ಕೂತರೆ ಅವರ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತು.

ಒಂದು ತಂತಿ ಮಿಡಿದು ಸುಮ್ಮನಾಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಮಿಡಿಯಿತು. ಆಲಾಪ ಇದು, ನಿಧಾನದ ಮನುಷ್ಯ, ಅಂದುಕೊಂಡಳು ಇಂದೂ. ಮಧ್ಯಮವಿಲ್ಲ, ನಿಷಾದವಿಲ್ಲ, ಐದೇ ಸ್ವರ. ನಮ್ಮ ಭೂಪ ರಾಗವೇ ಅಲ್ಲವೇ ಎಂದು ಖುಷಿಯಾಯಿತು. ಸಂಜೆಯ ರಾಗವನ್ನು ಬೆಳಿಗ್ಗೆ ಒಂಬತ್ತಕ್ಕೆ ಕೇಳುವುದು ಕಸಿವಿಸಿಯಾದರೂ ಅವರ ದೇಶದಲ್ಲಿ ಇಷ್ಟೊತ್ತಿಗೆ ಮಧ್ಯಾಹ್ನವಾದರೂ ಆಗಿರುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ಹತ್ತು ನಿಮಿಷವಾಯಿತು. ತಾಳ ಬರಲಿಲ್ಲ. ಎಲ್ಲಿ ಸುತ್ತಾಡಿದರೂ ಸ್ವರ ಕೊನೆಗೆ ಷಡ್ಜಕ್ಕೆ ಬಂದು ನಿಲ್ಲಬೇಕು, ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗೆ. ಈ ಮನುಷ್ಯ ಹೊಸ್ತಿಲ ತನಕ ಬಂದು, ಬಾಗಿಲು ನೋಡಿ, ಮತ್ತೆ ತಿರುಗಿ ಹೋಗುತ್ತಿದ್ದ. ಒಮ್ಮೆ ಬಹಳ ಹೊತ್ತು ಸದ್ದೇ ಇರಲಿಲ್ಲ. ಮುಗಿಯಿತೆಂದು ಇಂದೂ ಎದ್ದಳು, ಟಿಣ್ ಎಂದಿತು, ಕೂತಳು. ಕಾಲು ಜುಮುಗುಟ್ಟಿತು, ಬೆನ್ನು ಹಿಡಿಯಿತು. ಬೆರಳುಗಳು ತೊಡೆಯ ಮೇಲೆ ಬಾರದ ತಾಳವನ್ನು ತಾವೇ ಹಾಕತೊಡಗಿದವು. ಒಂದು ತಾಸಾದ ಮೇಲೆ ಸಿಡಿ ನಿಜವಾಗಿಯೂ ನಿಂತಾಗ ಅವಳ ಹಣೆ ಬೆವೆತಿತ್ತು.

"ಇವರು ಶುರು ಯಾವಾಗ ಮಾಡ್ತಾರ್ರೀ?" ಎಂದು ಗಂಡನನ್ನು ಕೇಳಿದಳು.

ಫೋನಿನಲ್ಲಿ ಶರ್ವರಿ ನಕ್ಕು ನಕ್ಕು ಸುಸ್ತಾದಳು. "ಮೌಶಿ, ಅದನ್ನ ಹಂಗ ಕೂತು ಕೇಳಬಾರದ್ರಿ. ಅದು ಸುಮ್ನ ಹಿಂದ ಇರಬೇಕು. ಮನ್ಯಾಗ ಫ್ರಿಜ್ ಗುಂಯ್ ಅಂತಿರತದ, ಯಾರರೆ ಕೇಳತಾರೇನು? ಹಂಗ."

ಇಂದೂ ರಿಸೀವರು ಇಟ್ಟು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮುಂದೆ ಸ್ವಲ್ಪ ಹೊತ್ತು ನಿಂತಳು.

ಅವಳು ಅಷ್ಟು ಕಸಿವಿಸಿಗೊಳ್ಳಲು ಕಾರಣವಿತ್ತು. ಬಿ.ಎ. ಮುಗಿಸಿದ ವರ್ಷ ಧಾರವಾಡದ ಆಕಾಶವಾಣಿಯಿಂದ ಅವಳಿಗೆ ಧ್ವನಿ ಪರೀಕ್ಷೆಯ ಕರೆ ಬಂದಿತ್ತು. ಗಾಜಿನ ಆಚೆ ಕೂತ ಮೂವರು ಅಪರಿಚಿತರು ಹತ್ತು ನಿಮಿಷ ಅವಳನ್ನು ಕೇಳುವವರಿದ್ದರು. ಅಪ್ಪ ಬಟ್ಟಲುಗಳನ್ನು ಭತ್ತದ ಹುಲ್ಲಿನಲ್ಲಿ ಸುತ್ತಿ ಬುಟ್ಟಿಗೆ ಹಾಕಿಯೂ ಆಗಿತ್ತು. ಅದೇ ದಿನ ಪುಣೆಯಿಂದ ಕನ್ಯೆ ನೋಡುವವರು ಬಂದರು. ಆಕಾಶವಾಣಿಗೆ ಹೋಗುವುದು ತಪ್ಪಿತು; ಬುಟ್ಟಿ ಬಿಚ್ಚಿ ಅವರ ಮುಂದೆಯೇ ಎರಡು ನಿಮಿಷ ಬಾರಿಸಿದ್ದಾಯಿತು. ಅವರು ಅವಲಕ್ಕಿ ತಿನ್ನುತ್ತ ಕೇಳಿದರು. ಅಪ್ಪ ಆ ದಿನ ತಮ್ಮ ಕಟ್ಟಳೆಯ ಬಗ್ಗೆ ಏನೂ ಹೇಳಲಿಲ್ಲ. ಪುಣೆಗೆ ಬಂದ ಮೇಲೆ ಅತ್ತೆ ಕೆಟ್ಟವರೇನಲ್ಲ, ಬಟ್ಟಲು ನೋಡಿ "ಮಜ್ಜಿಗಿಗೆ ಛಲೋ ಆದ್ವು" ಎಂದರು ಅಷ್ಟೆ. ನಲವತ್ಮೂರು ವರ್ಷಗಳಲ್ಲಿ ಹದಿನಾರರಲ್ಲಿ ನಾಲ್ಕು ಒಡೆದವು. ಹೋದದ್ದು ಎರಡು ಮಧ್ಯಮ, ಎರಡು ನಿಷಾದ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಉಳಿದ ಹನ್ನೆರಡರಲ್ಲೇ ಅವಳು ಭೂಪ ಬಾರಿಸುತ್ತಿದ್ದಳು. ಅವಳ ಬೆರಳುಗಳಲ್ಲಿ ಏನಿದೆ ಎಂದು ತಿಳಿದ ಪರರು ಯಾರೂ ಇರಲಿಲ್ಲ. ಪದಕ ಬೇಕಿರಲಿಲ್ಲ, ಪತ್ರಿಕೆಯಲ್ಲಿ ಹೆಸರೂ ಬೇಕಿರಲಿಲ್ಲ. ಸಂಬಂಧವಿಲ್ಲದ ಒಬ್ಬರು, ಒಂದು ಸಲ, ಕೆಲಸ ನಿಲ್ಲಿಸಿ ಕೇಳಬೇಕು. ಅಷ್ಟು ಆಸೆ ಇತ್ತು. ಈಗ ದಿನವೂ ಇಪ್ಪತ್ತು ಮೂವತ್ತು ಅಪರಿಚಿತರು ಬಂದು ಕೂರುವ ಜಾಗದಲ್ಲಿ ಅವಳ ಜಲತರಂಗ ಇರಬಹುದು. ಆದರೆ ಷರತ್ತು ಇಷ್ಟೇ, ಯಾರೂ ಕೇಳಬಾರದು.

ಆದರೂ ಒಪ್ಪಿಕೊಂಡಳು.

ಪ್ರಣವನ ಸ್ಟುಡಿಯೋ ಎಂದರೆ ಕೋಥರೂಡಿನ ಒಂದು ಫ್ಲ್ಯಾಟಿನ ಮಲಗುವ ಕೋಣೆ. ಸದ್ದು ಗುಂಯ್‌ಗುಡಬಾರದೆಂದು ನಾಲ್ಕೂ ಗೋಡೆಗೆ ಅವನ ಅಜ್ಜಿ ಬೆಳಗಾವಿಯಲ್ಲಿ ಹೊಲಿದ ಕೌದಿಗಳನ್ನು ತೂಗುಹಾಕಿದ್ದ. ಇಂದೂ ಬಟ್ಟಲುಗಳನ್ನು ಅರ್ಧಚಂದ್ರಾಕಾರವಾಗಿ ಜೋಡಿಸಿ, ಚಮಚದಿಂದ ನೀರು ಹಾಕುತ್ತ ತೆಗೆಯುತ್ತ ಸ್ವರ ಕೂಡಿಸಿದಳು. ಏಸಿಯ ಗಾಳಿಗೆ ನೀರು ಹಂದಾಡುವುದನ್ನು ಕಂಡು ಪ್ರಣವ ಅವಳು ಕೇಳುವ ಮೊದಲೇ ಅದನ್ನು ಆರಿಸಿ, ಕೊರಳಿಗೆ ಒದ್ದೆ ಟವೆಲು ಸುತ್ತಿಕೊಂಡು ಕೂತ. ಹುಡುಗ ಒಳ್ಳೆಯವನು, ಅಂದುಕೊಂಡಳು.

ಐದು ನಿಮಿಷಕ್ಕೆ ಅವನು ಕೈಯೆತ್ತಿ ನಿಲ್ಲಿಸಿದ.

"ಕಾಕೂ, ಭಾಳ ಛಂದ ಬಾರಿಸಿದ್ರಿ."

"ಹೌದಾ?"

"ಹೌದ್ರಿ. ಅದ ತ್ರಾಸ ಆಗೇದ. ಇಷ್ಟು ಛಂದ ಇದ್ರ ಕಿವಿ ಅಲ್ಲೇ ಹೋಗಿ ಕೂಡತದ. ಸ್ವಲ್ಪ... ಹೆಂಗ ಹೇಳ್ಲಿ... ಎಲ್ಲಿಗೂ ಹೋಗಬ್ಯಾಡ್ರಿ."

"ಎಲ್ಲಿಗೂ ಹೋಗಬ್ಯಾಡಂದ್ರ? ಕೆಟ್ಟ ಬಸ್ಸಿನಂಗ ನಿಂತಿರಬೇಕೇನು?"

"ಬಸ್ಸ ಬ್ಯಾಡ್ರಿ ಕಾಕೂ, ಬಸ್‌ಸ್ಟ್ಯಾಂಡ್ ಆಗ್ರಿ. ಮಂದಿ ಬರ್ಲಿ ಹೋಗ್ಲಿ, ನೀವು ಅಲ್ಲೇ."

ಎರಡನೆಯ ಸಲ ಆರು ನಿಮಿಷಕ್ಕೆ ನಿಲ್ಲಿಸಿದ, ಮೂರನೆಯ ಸಲ ನಾಲ್ಕಕ್ಕೆ. ಒಂದು ಸ್ವರ ತಟ್ಟಿ ಅದು ಪೂರ್ತಿ ಆರುವ ತನಕ ಕಾಯಬೇಕಂತೆ. ಆಮೇಲೆ ಬರುವ ಸ್ವರಕ್ಕೂ ಅದಕ್ಕೂ ಸಂಬಂಧವಿದೆ ಎಂದು ಯಾರಿಗೂ ಅನ್ನಿಸಬಾರದಂತೆ. ಇಂದೂಳ ಜೀವ ಕುದಿಯಿತು. ಬೆರಳುಗಳು ಕಟ್ಟಿಹಾಕಿದ ಕರುವಿನ ಹಾಗೆ ಎಳೆಯುತ್ತಿದ್ದವು. ಬಟ್ಟಲು ಕಟ್ಟಿಕೊಂಡು ಮನೆಗೆ ಹೋಗಿಬಿಡೋಣ ಎಂದು ಎರಡು ಸಲ ಅನ್ನಿಸಿತು. ಆದರೆ ಕೊರಳಿನ ಟವೆಲು ಒಣಗಿಹೋದರೂ ಏಳದೆ ಕೂತ ಹುಡುಗನನ್ನು ನೋಡಿ ಹಾಗೆ ಮಾಡಲಾಗಲಿಲ್ಲ. ನಾಲ್ಕನೆಯ ಸಲ ಅವನು ಹೇಳಿದ ಹಾಗೆಯೇ ತಟ್ಟತೊಡಗಿದಳು. ಟಿಣ್. ಕಾಯುವುದು. ಟಿಣ್. ನಳ ಸೋರಿದ ಹಾಗೆ. ಹತ್ತು ನಿಮಿಷ, ಇಪ್ಪತ್ತು, ನಲವತ್ತು.

ನಲವತ್ತೇಳನೆಯ ನಿಮಿಷಕ್ಕೆ ಕೈ ಅವಳ ಮಾತು ಕೇಳಲಿಲ್ಲ. ಗಾಂಧಾರ ತಟ್ಟಿದ ಕಡ್ಡಿ ಕಾಯದೆ ರಿಷಭಕ್ಕೆ ಬಂತು, ಅಲ್ಲಿಂದ ಕೆಳಗಿನ ಧೈವತಕ್ಕೆ, ನಡುವೆ ಬೆರಳ ತುದಿಯಷ್ಟು ನೀರನ್ನು ಮುಟ್ಟಿ ನಾದವನ್ನು ಬಳುಕಿಸಿ, ನೆಟ್ಟಗೆ ಷಡ್ಜಕ್ಕೆ. ಆಮೇಲೆ ತಡೆಯುವವರಿರಲಿಲ್ಲ. ಕಾಲ್ಬೆರಳಿನಲ್ಲಿ ತಾಳ ಹಿಡಿದು, ನಲವತ್ಮೂರು ವರ್ಷ ಮಧ್ಯಾಹ್ನಗಳಲ್ಲಿ ಬಾರಿಸಿದ ಭೂಪದ ಗತ್ತನ್ನು, ತಾಳಕ್ಕೆ ಕಟ್ಟಿದ ಆ ರಚನೆಯನ್ನು, ಅವಳು ನಾಲ್ಕು ನಿಮಿಷ ಬಾರಿಸಿದಳು. ಮನೆ ಬಿಟ್ಟು ಹೋಗುವುದು, ಊರು ಸುತ್ತುವುದು, ಓಡೋಡಿ ಬಂದು ಹೊಸ್ತಿಲು ದಾಟುವುದು. ಪ್ರಣವನ ಕೈ ಮೇಲೆದ್ದದ್ದು ಕಣ್ಣಂಚಿಗೆ ಕಂಡಿತು. ಅದು ಗಾಳಿಯಲ್ಲೇ ಸ್ವಲ್ಪ ಹೊತ್ತಿದ್ದು ಮೆಲ್ಲಗೆ ತೊಡೆಗಿಳಿಯಿತು. ಗತ್ತು ಮುಗಿದ ಮೇಲೆ ಇಂದೂ ಏನೂ ಆಗಿಲ್ಲವೆಂಬಂತೆ ಮತ್ತೆ ನಳ ಸೋರಿಸಿದಳು. ತಾಸು ತುಂಬಿದಾಗ ಅವನು ಒಂದೇ ಮಾತು ಕೇಳಿದ. "ಕುಡೀಲಿಕ್ಕೆ ನೀರು ಕೊಡ್ಲೇನ್ರಿ, ಕಾಕೂ?"

ಹದಿನೈದು ದಿನದ ಮೇಲೆ ಶರ್ವರಿಯ ಫೋನು ಬಂತು.

"ಮೌಶಿ, ಎಲ್ಲಾ ಛಲೋ ಅದ. ಮಂದಿ ಸುಮ್ನ ಕೂಡತಾರ, ಯಾರೂ ಓಡಿ ಹೋಗೂದಿಲ್ಲ. ಆದ್ರ ಒಂದ ಕಡೆ ಏನೋ ಬರತದ ನೋಡ್ರಿ, ಅಲ್ಲಿ ಖುರ್ಚಿ ಮ್ಯಾಲಿನ ಪೇಶಂಟ್ ತಲಿ ಹೊಳ್ಳಸ್ತಾರ. ಎಲ್ಲಿಂದ ಬರ್ಲಿಕ್ಕತ್ತದ ಅಂತ. ಬಾಯಾಗ ಡ್ರಿಲ್ ಇರತದ್ರಿ. ಮೊನ್ನೆ ಒಬ್ಬಾಕಿ ನಾಲಗಿ ಸ್ವಲ್ಪದರಾಗ ಉಳೀತು."

ಇಂದೂಗೆ ಒಮ್ಮೆಲೇ ಖುಷಿಯಾಯಿತು. ಆದರೂ ಯಾರದೋ ನಾಲಗೆಯ ಪ್ರಶ್ನೆ. ವಾದಿಸುವುದು ಹೇಗೆ?

"ಅಷ್ಟು ತಗಸ್ತೀನ್ರಿ. ಶುಕ್ರವಾರ ಪ್ರಣವ ಬ್ಯಾರೇ ಸಿಡಿ ತರತಾನ. ಸಿಟ್ಟಿಲ್ಲಲ್ಲ?"

"ಸಿಟ್ಟ್ಯಾಕ? ತಗಸು."

ಹಳೆಯ ಸಿಡಿಯ ಒಂದು ಪ್ರತಿ ಅವಳ ಕಪಾಟಿನಲ್ಲಿತ್ತು. ಆದರೆ ಕಪಾಟಿಗೆ ಕಿವಿಯಿರಲಿಲ್ಲ. ಆ ವಾರ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಧುಕರರಾಯರು ನೀರು ಬೆರೆಸಿಕೊಂಡು ಉಂಡರು. ಗುರುವಾರ ಬೆಳಿಗ್ಗೆ ಅವಳು ಸಿಡಿಯನ್ನು ಚೀಲಕ್ಕೆ ಹಾಕಿಕೊಂಡಳು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. "ಶರ್ವರಿ ಕಡೆ ಹೋಗಿ ಬರತೀನಿ" ಎಂದು ಎರಡು ಬಸ್ಸು ಬದಲಿಸಿ ಹಡಪಸರಕ್ಕೆ ಹೊರಟಳು. ನಾಳೆಯಿಂದ ಆ ನಾಲ್ಕು ನಿಮಿಷ ಇರುವುದಿಲ್ಲ. ಇವತ್ತು ಒಬ್ಬರಾದರೂ ತಲೆ ಹೊರಳಿಸುವುದನ್ನು ಕಣ್ಣಾರೆ ನೋಡಬೇಕು.

"ಹಲ್ಲ ಏನರೆ ನೋವದ ಏನ್ರಿ?" ಎಂದು ಶರ್ವರಿ ಮುಖದ ಪಟ್ಟಿ ಇಳಿಸಿ ಕೇಳಿದಳು.

"ಇಲ್ಲವ್ವ, ಸುಮ್ನ ಬಂದೆ. ನೀ ನಿನ್ನ ಕೆಲಸ ಮಾಡು, ನಾ ಕೂತಿರ್ತೀನಿ."

ಕ್ಲಿನಿಕ್ಕು ಒಂಬತ್ತೂವರೆಗೆ ತೆರೆಯುತ್ತದೆ. ಆಗ ಹಚ್ಚಿದ ಸಿಡಿ ತಾಸಿಗೊಮ್ಮೆ ಮೊದಲಿನಿಂದ ಸುತ್ತುತ್ತದೆ. ಇಂದೂ ಗೋಡೆಯ ಗಡಿಯಾರ ನೋಡಿ ಲೆಕ್ಕ ಹಾಕಿದಳು: ಹನ್ನೊಂದು ಹದಿನೇಳಕ್ಕೆ ಬರಬೇಕು. ಬೆಂಚಿನ ಮೇಲೆ ಐದು ಜನರಿದ್ದರು. ಹನ್ನೊಂದು ಹದಿನಾರಕ್ಕೆ ಗಲ್ಲಕ್ಕೆ ಕರವಸ್ತ್ರ ಒತ್ತಿಕೊಂಡಿದ್ದವನ ಮೊಬೈಲು ಹೊಡೆದುಕೊಂಡಿತು. ಅವನು ಮರಾಠಿಯಲ್ಲಿ ಸಿಮೆಂಟಿನ ಟ್ರಕ್ಕು ಎಲ್ಲಿ ಸಿಕ್ಕಿಕೊಂಡಿದೆ ಎಂದು ವಿಚಾರಿಸುತ್ತ ನಾಲ್ಕೂ ನಿಮಿಷ ಕಳೆದ. ಅವನ ದನಿಯ ಕೆಳಗೆ ಅವಳ ಗತ್ತು ಊರು ಸುತ್ತಿ ಮನೆಗೆ ಬಂದದ್ದು ಅವಳಿಗೆ ಮಾತ್ರ ತಿಳಿಯಿತು.

ಇರಲಿ, ಹನ್ನೆರಡು ಹದಿನೇಳು ಇದೆಯಲ್ಲ. ಇಂದೂ ಕೂತ ಜಾಗ ಬದಲಿಸಿದಳು. ಪತ್ರಿಕೆ ತೆಗೆದಳು, ಇಟ್ಟಳು. ನೀರು ಕುಡಿದಳು. ನೆಲ ಒರೆಸುತ್ತಿದ್ದ ಹೆಂಗಸು ಅವಳ ಕಾಲ ಬಳಿ ಬಂದಾಗ ಕಾಲೆತ್ತಿದಳು, ಇಳಿಸಲು ಮರೆತಳು. ಹನ್ನೆರಡು ಹತ್ತಕ್ಕೆ ಕರೆಂಟು ಹೋಯಿತು. ಡಾಕ್ಟರ ಕೋಣೆಗೆ ಇನ್ವರ್ಟರಿತ್ತು, ಸಂಗೀತಕ್ಕೆ ಇರಲಿಲ್ಲ. ಹನ್ನೆರಡೂವರೆಗೆ ಕರೆಂಟು ಬಂದಾಗ ಸಿಡಿ ಮತ್ತೆ ಮೊದಲಿನಿಂದ ಶುರುವಾಯಿತು. ಟಿಣ್. ಇನ್ನು ಒಂದು ಹದಿನೇಳಕ್ಕೆ.

ಒಂದು ಗಂಟೆಗೆ ಬೆಂಚು ಖಾಲಿಯಾಗತೊಡಗಿತು. ಕೊನೆಯ ಪೇಶಂಟು ಬಾಯಿ ತೊಳೆದುಕೊಂಡು ಹೋದ. ಹೆಸರು ಬರೆದುಕೊಳ್ಳುವ ಹುಡುಗಿ ಸೋನಾಲಿ ಡಬ್ಬಿ ತೆಗೆದುಕೊಂಡು ಪಕ್ಕದ ಅಂಗಡಿಯ ಗೆಳತಿಯ ಕಡೆ ಹೊರಟಳು. "ಲಂಚ್ ಟೈಮ್ ಆಜಿ, ಎರಡೂವರೆ ತನಕ ಯಾರೂ ಬರಲ್ಲ" ಎಂದು ಮರಾಠಿಯಲ್ಲಿ ಹೇಳಿ ಬಾಗಿಲು ಎಳೆದುಕೊಂಡಳು. ಒಳಗೆ ಶರ್ವರಿ ಯಾರೊಂದಿಗೋ ಫೋನಿನಲ್ಲಿದ್ದಳು.

ಖಾಲಿ ಬೆಂಚುಗಳನ್ನು ನೋಡುತ್ತ ಇಂದೂಗೆ ನಗು ಬಂತು, ಕಣ್ಣೂ ತುಂಬಿ ಬಂತು. ಬುಟ್ಟಿ ಬಿಚ್ಚಿದ ದಿನದ ಹಾಗೆಯೇ. ಖಾಲಿ ಕೋಣೆಯಲ್ಲಿ ತನ್ನ ಗತ್ತನ್ನು ತಾನೊಬ್ಬಳೇ ಕೇಳುತ್ತ ಕೂರುವುದು ಅವಳಿಂದ ಆಗಲಿಲ್ಲ. ಗತ್ತು ಬರಲು ಇನ್ನೊಂದು ನಿಮಿಷವಿದ್ದಾಗ ಚೀಲ ಎತ್ತಿಕೊಂಡು, ಗಾಳಿಯಾದರೂ ಸಿಗಲೆಂದು ಹಿಂದಿನ ಬಾಗಿಲಿಗೆ ಹೋದಳು.

ಬಾಗಿಲು ಮುಚ್ಚಿಕೊಳ್ಳದಂತೆ ಯಾರೋ ಅದಕ್ಕೆ ಬಕೀಟು ಅಡ್ಡ ಇಟ್ಟಿದ್ದರು. ಆಚೆ ಮೆಟ್ಟಿಲ ಮೇಲೆ ನೆಲ ಒರೆಸುವ ಹೆಂಗಸು ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ತೊಡೆಯ ಮೇಲೆ ಬಿಚ್ಚಿದ ಬಟ್ಟೆಯ ಗಂಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ಇದ್ದವು. ತಿನ್ನುತ್ತಿರಲಿಲ್ಲ, ಕೈಕಟ್ಟಿ ಕೂತಿದ್ದಳು.

"ಬರ್ರೀ ಯವ್ವಾ, ನಿಮ್ದೂ ಕನ್ನಡ ಅಲ್ರೀ. ಡಾಕ್ಟರವ್ವಾರ ಸಂಗಟ ಮಾತಾಡದು ಕೇಳೀನಿ." ಸರಿದು ಜಾಗ ಮಾಡಿದಳು. "ನಾ ಶರಣಮ್ಮ, ಯಾದಗಿರಿ ಕಡ್ಯಾಕಿ."

"ಉಣ್ಣಲ್ಲೇನು? ಆರಲಿಕ್ಕತ್ತದ."

"ಜರಾ ತಡೀರಿ. ಈಗ ಒಂದು ಬರ್ತದ."

ಒಳಗೆ ಗಾಂಧಾರ ಬಿತ್ತು. ಕಾಯಲಿಲ್ಲ, ರಿಷಭಕ್ಕೆ ಬಂತು.

ಶರಣಮ್ಮ ಕಣ್ಣು ಮುಚ್ಚಲಿಲ್ಲ, ತಲೆದೂಗಲಿಲ್ಲ. ಬಾಗಿಲ ಸಂದಿಯನ್ನೇ ನೋಡುತ್ತ ಕೂತಳು, ಯಾರೋ ಅಲ್ಲಿಂದ ಹೊರಬರುವವರಿದ್ದಾರೆ ಎಂಬಂತೆ. ಎದುರು ರಸ್ತೆಯಲ್ಲಿ ಹೊಸ ಕಟ್ಟಡದ ಕ್ರೇನು ಕಿರುಗುಟ್ಟಿತು. ಅವಳ ಹುಬ್ಬು ಗಂಟಾಯಿತು. ನೊಣವೊಂದು ರೊಟ್ಟಿಯ ಮೇಲೆ ಕೂರಲು ಬಂದಾಗ ಸದ್ದಾಗದಂತೆ ಸೆರಗು ಎಳೆದು ಮುಚ್ಚಿದಳು. ನೀರು ಮುಟ್ಟಿ ನಾದ ಬಳುಕಿಸಿದ ಜಾಗ ಬಂತು. ಶರಣಮ್ಮನ ಕಟ್ಟಿದ ಕೈಯಲ್ಲಿ ಒಂದು ಬೆರಳು ಅಲುಗಿತು. ಗತ್ತು ಓಡೋಡಿ ಬಂದು ಷಡ್ಜಕ್ಕೆ ನಿಂತಿತು.

"ಮುಟ್ಟಿದ್ರು ನೋಡ್ರಿ ಮನಿ," ಎಂದಳು ಶರಣಮ್ಮ. "ಉಳದಿದ್ದೆಲ್ಲ ಸುಮ್ನ ನಳ ಸೋರದಂಗ. ಇದೊಂದ್ರಾಗ ಯಾರೋ ಮನಿಗಿ ಹೊಂಟಾರ. ಹೊತ್ತು ಕೂಡಿದ ದಿನ ನಾ ಇದಕ್ಕಂತ ತಡದು ಉಣ್ತೀನ್ರಿ."

"ಕೇಳಿಕೋತ ಉಣ್ಣಬಹುದಲ್ಲ?"

"ನಮ್ಮಪ್ಪ ಏಕತಾರಿ ಹಿಡದು ತತ್ವಪದ ಹಾಡ್ತಿದ್ದ. ಅಂವ ಹಾಡಾಗ ಬಾಯಾಗ ತುತ್ತ ಇಟ್ರ ಬೆನ್ನಾಗ ಬೀಳ್ತಿತ್ತು." ನಕ್ಕಳು. "ಅಂವಿಲ್ಲ ಈಗ. ಆದ್ರ ಕೈ ಏಳಂಗಿಲ್ರಿ."

ನಾನೇ ಅದು ಎಂಬ ಮಾತು ಇಂದೂಳ ನಾಲಗೆಯ ತುದಿಗೆ ಬಂತು. ಅಲ್ಲೇ ಉಳಿಯಿತು. ಹೇಳಿದರೆ ಈ ಹೆಂಗಸು ಎದ್ದು ನಿಂತು ಕೈಮುಗಿಯುತ್ತಾಳೆ; ಆಮೇಲೆ ಅದು ಬೇರೆಯೇ ಆಗುತ್ತದೆ.

ಬಾಗಿಲಲ್ಲಿ ಶರ್ವರಿ ಕಾಣಿಸಿಕೊಂಡಳು. "ಮೌಶಿ, ಇಲ್ಲ್ಯಾಕ ಕೂತೀರಿ? ಒಳಗ ಬರ್ರಿ, ಹೊರಗಿಂದ ಏನರೆ ತರಸ್ತೀನಿ."

"ಶರೂ, ಊಟದ ಹೊತ್ತಿನ್ಯಾಗ ಯಾರ ಬಾಯಾಗೂ ನಿನ್ನ ಡ್ರಿಲ್ ಇರೂದಿಲ್ಲಲ್ಲ?"

"ಇಲ್ರಿ. ಯಾಕ?"

ಇಂದೂ ಚೀಲದಿಂದ ಸಿಡಿ ತೆಗೆದು ಕೊಟ್ಟಳು. "ನಾಳಿಂದ ಆ ಹೊಸಾದು ಇರ್ಲಿ. ಇದನ್ನ ಊಟದ ಹೊತ್ತಿಗಷ್ಟ ಹಚ್ಚು."

ಶರ್ವರಿ ಸಿಡಿ ನೋಡಿದಳು. ಶರಣಮ್ಮನ ಮುಟ್ಟದ ರೊಟ್ಟಿಯನ್ನೂ, ಬಾಗಿಲಿಗೆ ಅಡ್ಡವಿದ್ದ ಬಕೀಟನ್ನೂ ನೋಡಿದಳು. "ಹೂಂ, ಹಚ್ಚತೀನಿ" ಎಂದು ಮೆಲ್ಲಗೆ ಹೇಳಿ, ಬಕೀಟನ್ನು ಇದ್ದಲ್ಲೇ ಬಿಟ್ಟು ಒಳಗೆ ಹೋದಳು.

ಒಳಗೆ ನಳ ಸೋರತೊಡಗಿತ್ತು. ಇಂದೂಳ ಬೆರಳುಗಳು ಬೆಳಗಿನಿಂದ ಮೊದಲ ಸಲ ಚೀಲದ ಹಿಡಿಕೆ ಬಿಟ್ಟಿದ್ದವು.

"ಮುಂಜಾನಿಂದ ಕುಂತೀರಿ," ಎಂದಳು ಶರಣಮ್ಮ. "ಹಲ್ಲಿಂದು ಬ್ಯಾನಿ ಏನ್ರಿ?"

"ಇಲ್ಲ. ಹಲ್ಲು ಗಟ್ಟಿ ಅವ."

ಶರಣಮ್ಮ ಎರಡು ರೊಟ್ಟಿಯಲ್ಲಿ ಮೇಲಿನದನ್ನು ತೆಗೆದು, ಅದರ ಮೇಲೆ ಪುಂಡಿಪಲ್ಲೆ ಹಾಕಿ, ಪಕ್ಕದಲ್ಲಿ ಬೆರಳ ತುದಿಯಿಂದ ಸ್ವಲ್ಪ ನಿಂಬೆಕಾಯಿ ಉಪ್ಪಿನಕಾಯಿ ಸವರಿ, ಎರಡೂ ಕೈಯಲ್ಲಿ ಹಿಡಿದು ಇಂದೂಳ ಮುಂದೆ ಚಾಚಿದಳು.